ಕಿಂಡಿ ಮುಚ್ಚಿದ ದಿನಗಳು

ರೇವಣಸಿದ್ದನಿಗೆ ಹೆಂಡತಿಯ ಹುಟ್ಟಿದ ದಿನ ನೆನಪಿತ್ತು. ಬದನೆಕಾಯಿ ತಿಂದರೆ ಅವಳ ಮೈ ತುರಿಸುತ್ತದೆಂಬುದು ನೆನಪಿತ್ತು. ಮದುವೆಯಾದ ಹೊಸತರಲ್ಲಿ ಕಲಬುರಗಿಯ ಬಸ್ ನಿಲ್ದಾಣದ ಗದ್ದಲದಲ್ಲಿ ಒಬ್ಬರಿಂದೊಬ್ಬರು ತಪ್ಪಿಹೋದದ್ದು, ಕೊನೆಗೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಸಿಕ್ಕಾಗ ಅವಳು ಅಳುತ್ತಲೇ ಅವನನ್ನು ಬೈದದ್ದು, ಅದೂ ನೆನಪಿತ್ತು. ಕೇಳಿದರೆ ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಆದರೆ ಮಹಾನಂದಾ ಒಂದು ವಾರ ಊರಲ್ಲಿ ಇಲ್ಲದಿದ್ದರೆ ಅದು ಅವನ ಗಮನಕ್ಕೇ ಬರುತ್ತಿರಲಿಲ್ಲ. ಹೈದರಾಬಾದಿನ ವಿಜ್ಞಾನ ಸಮ್ಮೇಳನ ಮುಗಿಸಿಕೊಂಡು, ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಅವಳು ಮನೆಗೆ ಬಂದರೆ, ಅವನು ತಾಟಿನಿಂದ ತಲೆಯೆತ್ತಿ, "ಪಲ್ಯ ಗಡಿಗ್ಯಾಗ ಅದ, ಹಾಕ್ಕೊ" ಎಂದು ಮತ್ತೆ ಊಟಕ್ಕೆ ಬಗ್ಗಿದ. ಜೋಡಿಸಿಕೊಂಡ ಮಾತೆಲ್ಲ ಅವಳ ಬಾಯಲ್ಲೇ ಉಳಿಯಿತು.

ಅವನನ್ನು ದೂರುವಂತಿರಲಿಲ್ಲ. ಅವನ ತಲೆಯಲ್ಲಿ ಕಿಂಡಿ ಇತ್ತು, ಆ ಕಿಂಡಿಯನ್ನು ಮಾಡಿದವರಲ್ಲಿ ಮಹಾನಂದಾಳೂ ಒಬ್ಬಳು.

ಇದೆಲ್ಲ ಶುರುವಾದದ್ದು ಬಿಸಿಲಿನಿಂದ. ಕಾಗಿಣಾ ನದಿಯ ದಂಡೆಯ ಆ ಸೀಮೆಯಲ್ಲಿ ನೆಲ ಬಗೆದಲ್ಲೆಲ್ಲ ಹಾಸುಗಲ್ಲು, ಆದ್ದರಿಂದ ಊರೂರಿಗೂ ಖಣಿ. ಬಿಸಿಲು ಮೊದಲೂ ಇತ್ತು, ಬೈದುಕೊಂಡು ಬಾಳುವಷ್ಟು. ಅದು ಐವತ್ತು ಡಿಗ್ರಿ ದಾಟಿದ ಮೇಲೆ ಬೈಯುವುದಕ್ಕೂ ಬಾಯಿ ಒಣಗಿತು. ಖಣಿಯ ಜನ ಬಿಂದಿಗೆಗಟ್ಟಲೆ ನೀರು ಕುಡಿದರು. ಮೈಯ ಉಪ್ಪೆಲ್ಲ ಬೆವರಾಗಿ ಹರಿದುಹೋಗಿ, ಒಳಗೆ ಬರೀ ನೀರು ಸೇರಿ, ರಕ್ತ ತೆಳ್ಳಗಾಯಿತು. ರಕ್ತ ತೆಳ್ಳಗಾದರೆ ನೀರು ಉಪ್ಪಿರುವ ಕಡೆಗೆ ನುಗ್ಗುತ್ತದೆ. ಮಿದುಳಿನಲ್ಲಿ ಅದು ಮೊದಲು ನುಗ್ಗುವುದು ನಕ್ಷತ್ರಕೋಶಗಳಿಗೆ. ಯೋಚನೆ ಮಾಡುವ ನರಕೋಶಗಳ ಸುತ್ತ ಕೈಚಾಚಿ ಕೂತು ಅವುಗಳ ಅನ್ನ ನೀರು ನೋಡಿಕೊಳ್ಳುವ, ಅವುಗಳ ಕಸ ಗುಡಿಸುವ ಕೋಶಗಳು ಇವು. ಹೆಸರು ಮಾತ್ರ ದೊಡ್ಡದು, ಮಾಡುವುದು ಮನೆಗೆಲಸ. ಅವು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ಸುತ್ತಲೂ ಬುರುಡೆಯ ಗೋಡೆ. ಮಧ್ಯಾಹ್ನ ತಲೆನೋವೆಂದು ನೆರಳಿಗೆ ಹೋಗಿ ಮಲಗಿದವರನ್ನು ಸಂಜೆ ಎಬ್ಬಿಸಲು ಹೋದರೆ ಏಳುತ್ತಿರಲಿಲ್ಲ.

ಊದಿದ ಕೋಶ ಸುಮ್ಮನೆ ಕೂರುವುದಿಲ್ಲ ಎನ್ನುವುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಅದು ತನ್ನ ಗೋಡೆಯ ಸಣ್ಣ ಬಾಗಿಲುಗಳನ್ನು ತೆರೆದು, ಒಳಗಿನ ಉಪ್ಪನ್ನೂ ಟಾರಿನ್ ಎಂಬ ರಾಸಾಯನಿಕದಂಥ ಸಣ್ಣಪುಟ್ಟ ಸಾಮಾನನ್ನೂ ಹೊರಗೆ ಹಾಕುತ್ತದೆ. ಸಾಮಾನು ಹೋದ ಬೆನ್ನಿಗೇ ನೀರೂ ಹೋಗುತ್ತದೆ, ಕೋಶ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಆದರೆ ಈ ಕೆಲಸ ನಿಧಾನ, ಸಾವು ಅದಕ್ಕಿಂತ ಚುರುಕು. ಮಹಾನಂದಾಳ ತಂಡ ಕೇಳಿಕೊಂಡದ್ದು ಇಷ್ಟೇ: ಕೋಶ ಊದುವ ಮೊದಲೇ ಈ ಬಾಗಿಲುಗಳನ್ನು ತೆರೆಸಿಬಿಟ್ಟರೆ? ಅದಕ್ಕೆ ಸಿಕ್ಕ ಉತ್ತರ, ಕಿವಿಯ ಹಿಂದೆ ಚರ್ಮದಡಿ ಕೂರುವ, ಹುಣಸೆ ಬೀಜದಷ್ಟು ದೊಡ್ಡ ಯಂತ್ರ. ರಕ್ತದಲ್ಲಿ ಉಪ್ಪು ಇಳಿಯುತ್ತಿದ್ದಂತೆ ಅದಕ್ಕೆ ಗೊತ್ತಾಗುತ್ತಿತ್ತು, ಕೂಡಲೇ ಬಾಗಿಲುಗಳಿಗೆ ಸನ್ನೆ ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ರೈಲುಗಾಡಿಯಷ್ಟು ಉದ್ದದ ಹೆಸರಿಟ್ಟಿದ್ದರು. ಜನ ಕಿಂಡಿ ಎಂದರು, ಅದೇ ನಿಂತಿತು.

ಖಣಿಯ ಮೇಸ್ತ್ರಿಯಾಗಿದ್ದ ರೇವಣಸಿದ್ದ ಮೊದಲ ತಂಡದಲ್ಲೇ ಕಿಂಡಿ ಹಾಕಿಸಿಕೊಂಡ. ಹೆಂಡತಿ ಮಾಡಿದ್ದನ್ನು ಗಂಡನೇ ಹಾಕಿಕೊಳ್ಳದಿದ್ದರೆ ಊರವರು ನಂಬುತ್ತಾರೆಯೇ ಎಂದು ಅವನೇ ನಗಾಡಿದ್ದ. ಆ ಬೇಸಿಗೆಯಲ್ಲಿ ಖಣಿಯಿಂದ ಒಂದೂ ಹೆಣ ಹೊರಗೆ ಬರಲಿಲ್ಲ. ಊರು ಮಹಾನಂದಾಳನ್ನು ಹೊತ್ತು ಮೆರೆಸುವುದೊಂದು ಬಾಕಿ.

ಇನ್ನೊಂದು ಲಾಭವೂ ಆಯಿತು. ಆ ಸೀಮೆಯಲ್ಲಿ ಹೊಸ್ತಿಲು ದಾಟಿ ಬಂದವರ ಕೈಗೆ ಮೊದಲು ತುಂಬಿದ ಚೊಂಬು ಬರಬೇಕು, ಮಾತು ಆಮೇಲೆ. ಬಂದವರು ಕುಡಿಯಬೇಕು. ಒಲ್ಲೆ ಎಂದರೆ ಮನೆಯವರನ್ನೇ ಒಲ್ಲೆ ಎಂದಂತೆ. ಸಾವಿನ ವರ್ಷಗಳಲ್ಲಿ ಸರ್ಕಾರಿ ನರ್ಸುಗಳು ಬೀದಿ ಬೀದಿ ಸುತ್ತಿ, ಬರೀ ನೀರು ಕೊಡಬೇಡಿ, ಉಪ್ಪಿನ ಮಜ್ಜಿಗೆ ಅಳೆದು ಕೊಡಿ ಎಂದು ಹೇಳಿ ಹೇಳಿ, ಜನ ಚೊಂಬುಗಳನ್ನು ಅಟ್ಟಕ್ಕೆ ಹಾಕಿದ್ದರು. ಕಿಂಡಿ ಬಂದದ್ದೇ ತಡ, ಚೊಂಬುಗಳು ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಕೆಳಗಿಳಿದವು. ಬರೀ ನೀರಿನ ಭಯವನ್ನು ಊರು ಒಂದೇ ವರ್ಷದಲ್ಲಿ ಮರೆಯಿತು.

ಕಿಂಡಿಯಿಂದ ಏನೋ ಸೋರುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿದವರು ಹೆಂಡಂದಿರು. ಅವರ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ದೂರು ಕೊಡುವಂಥದ್ದೇನೂ ಇರಲಿಲ್ಲವಲ್ಲ. ಗಂಡಂದಿರು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮನೆಗೆ ತಪ್ಪದೆ ಸಾಮಾನು ತರುತ್ತಿದ್ದರು. ಬೇರೆ ರಾಜ್ಯಗಳಿಂದ ಬಂದ ಕೂಲಿಗಳು ಊರಿಗೆ ಫೋನ್ ಮಾಡುವುದನ್ನು ಬಿಟ್ಟರು, ಹಬ್ಬಕ್ಕೆ ರಜೆ ಕೇಳುವುದನ್ನೂ ಬಿಟ್ಟರು. ಗುತ್ತಿಗೆದಾರರಿಗೆ ಇದಕ್ಕಿಂತ ಹಬ್ಬ ಬೇಕೇ? ಆಸ್ಪತ್ರೆಯ ಕಡತಗಳಲ್ಲಿ ಇದನ್ನು 'ಒಳ್ಳೆಯ ಹೊಂದಾಣಿಕೆ' ಎಂದು ಬರೆದರು.

ಮಹಾನಂದಾಳಿಗೆ ಇದು ತಟ್ಟಿದ್ದು ಮೌಲಾಸಾಬ ಸತ್ತ ದಿನ. ರೇವಣಸಿದ್ದನೂ ಮೌಲಾಸಾಬನೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಒಂದೇ ಖಣಿ, ಒಂದೇ ಬುತ್ತಿ. ಎದೆಬೇನೆಯಿಂದ ಅವನು ಹೋದಾಗ ರೇವಣಸಿದ್ದ ಖಬರಸ್ತಾನದವರೆಗೂ ಹೆಗಲು ಕೊಟ್ಟ, ಮಣ್ಣು ಹಾಕಿದ, ಮನೆಗೆ ಬಂದು ಕೈಕಾಲು ತೊಳೆದು, "ಇವತ್ತ ಏನ್ ಮಾಡೀದಿ ಅಡಗಿ?" ಎಂದು ಕೇಳಿದ. ಅವನ ಮುಖದಲ್ಲಿ ದುಃಖ ಮುಚ್ಚಿಟ್ಟುಕೊಂಡ ಗುರುತೂ ಇರಲಿಲ್ಲ. ಅವತ್ತು ಮಹಾನಂದಾ ರೊಟ್ಟಿ ಬಡಿಯುತ್ತ ಹೆದರಿಕೊಂಡಳು. ಇವನ ಜೊತೆ ಇದೇ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಇರಬೇಕಲ್ಲ ಎಂದು ಹೆದರಿಕೆಯಾಯಿತು.

ಅಲ್ಲಿಂದ ಅವಳು ಪ್ರಯೋಗಾಲಯದಲ್ಲಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಇದರ ಹಿಂದೆ ಬಿದ್ದಳು. ಕಿಂಡಿ ಹಾಕಿದ ಇಲಿಗಳ ನಕ್ಷತ್ರಕೋಶಗಳು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಕಂಡವು. ಊತವಿಲ್ಲ, ಗಾತ್ರ ಸರಿಯಾಗಿದೆ. ಒಳಗೆ ಏನಿದೆಯೆಂದು ಅಳೆದಾಗಲೇ ಗೊತ್ತಾದದ್ದು, ಒಳಗೆ ಏನೂ ಉಳಿದಿಲ್ಲ. ಮತ್ತೆ ಮತ್ತೆ ಬಾಗಿಲು ತೆರೆದು ಸಾಮಾನು ಹೊರಗೆ ಹಾಕಿದ ಕೋಶಕ್ಕೆ ಅದನ್ನು ಮರಳಿ ತಂದುಕೊಳ್ಳಲು ಬಿಡುವೇ ಸಿಕ್ಕಿರಲಿಲ್ಲ. ಜೊತೆಯ ಇಲಿಯನ್ನು ಪಂಜರದಿಂದ ತೆಗೆದರೆ ಮಾಮೂಲಿ ಇಲಿಗಳು ಮೂಲೆ ಮೂಲೆ ಮೂಸಿ ಹುಡುಕುತ್ತಿದ್ದವು. ಕಿಂಡಿಯ ಇಲಿಗಳು ಕಾಳು ತಿನ್ನುತ್ತ ಕೂತಿರುತ್ತಿದ್ದವು. ಒಬ್ಬರು ಎದುರಿನಿಂದ ಎದ್ದುಹೋದ ಮೇಲೂ ಅವರನ್ನು ಮಿದುಳಿನಲ್ಲಿ ಸ್ವಲ್ಪ ಹೊತ್ತು ಹಿಡಿದಿಡುವ ಕೆಲಸ ಈ ಮನೆಗೆಲಸದ ಕೋಶಗಳದ್ದೇ ಎಂದು ಅವಳಿಗೆ ಖಾತ್ರಿಯಾಯಿತು. ಬರಿಗೈಯ ಕೋಶಕ್ಕೆ ಅದು ಆಗುತ್ತಿರಲಿಲ್ಲ.

ಕಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬಂದರೆ ಕೋಶಗಳು ವಾರಗಟ್ಟಲೆ ಹಿಡಿದು ತುಂಬಿಕೊಳ್ಳುತ್ತಿದ್ದವು. ಇಲಿಗಳು ಮತ್ತೆ ಮೂಲೆ ಮೂಸಿದವು. ಅಪಾಯ ಇದ್ದದ್ದು ನಡುವಿನ ದಿನಗಳಲ್ಲಿ. ವರ್ಷಗಟ್ಟಲೆ ಯಂತ್ರ ಹೇಳಿದಾಗ ತೆರೆದು ರೂಢಿಯಾದ ಬಾಗಿಲುಗಳು ತಾವಾಗಿ ತೆರೆಯುವುದನ್ನು ಮರೆತಿರುತ್ತಿದ್ದವು. ಆಗ ಒಮ್ಮೆಲೇ ಬರೀ ನೀರು ಕುಡಿದರೆ, ತುಂಬಿದ ಕೋಶ ಊದುತ್ತದೆ, ಬಾಗಿಲು ತೆರೆಯುವುದಿಲ್ಲ. ಅಳತೆಯ ನೀರು, ಉಪ್ಪು ಬೆರೆಸಿದ್ದು, ಅಷ್ಟೇ. ಅವಳ ಸಂಶೋಧನಾ ಸಂಸ್ಥೆಯ ಸಮಿತಿ ಬಹಳ ಹಿಂದೆ ಮುಂದೆ ನೋಡಿ ಒಬ್ಬ ಮನುಷ್ಯನ ಮೇಲೆ ಪ್ರಯೋಗಕ್ಕೆ ಒಪ್ಪಿತು, ಅವನು ಮನಸಾರೆ ಒಪ್ಪಿದರೆ ಮಾತ್ರ.

ಮಹಾನಂದಾ ಊಟದ ಹೊತ್ತಿಗೆ ಮಾತು ತೆಗೆದಳು.

"ಮುಚ್ಚಿದ್ರ ಏನಾಗ್ತದ?" ಎಂದ ರೇವಣಸಿದ್ದ.

"ಮೊದಲಿನಂಗ ಆಗ್ತಿ."

"ಈಗ ಏನ್ ಆಗೇದ ನಂಗ?"

ಅವಳು ಅವನ ತಾಟಿಗೆ ಪಲ್ಯ ಬಡಿಸಿದಳು. "ನಾ ಮನ್ಯಾಗ ಇದ್ರೂ ಒಂದ, ಇಲ್ಲದಿದ್ರೂ ಒಂದ ಆಗೇದ ನಿಂಗ."

ಅವನು ಆ ಮಾತನ್ನು ಪ್ರಾಮಾಣಿಕವಾಗಿ ತೂಗಿ ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು, ಕಿಂಡಿ ಹಾಕುವ ಮೊದಲೂ ಅಲ್ಲ. "ಅದು ಖರೆ ಅದ," ಎಂದ. "ಅದರಿಂದ ನಿಂಗ ತ್ರಾಸ ಆಗ್ತದೇನು?"

"ಆಗ್ತದ."

"ಹಂಗಾದ್ರ ಮುಚ್ಚು. ನಂಗೇನ ತಕರಾರಿಲ್ಲ."

ಇದು ಮನಸಾರೆ ಒಪ್ಪಿದ್ದೋ ಅಲ್ಲವೋ ಎಂದು ಅವಳು ಬಹಳ ಯೋಚಿಸಿದಳು. ಮನಸ್ಸು ಎನ್ನುವುದನ್ನೇ ಮರಳಿ ತರಲು ಹೊರಟಾಗ, ಅದರ ಒಪ್ಪಿಗೆಯನ್ನು ಮೊದಲೇ ಎಲ್ಲಿಂದ ತರುವುದು? ಕೊನೆಗೆ ಅವಳ ಒಂಟಿತನವೇ ಗೆದ್ದಿತು. ಅವನು ಸಹಿ ಮಾಡಿದ.

ಆಸ್ಪತ್ರೆಯ ಹಿಂಭಾಗದಲ್ಲಿ ಕಿಂಡಿ ಕೋಣೆ ಎಂಬ ತಂಪು ಕೋಣೆಯಿತ್ತು. ಸೀಮೆಯ ಎಲ್ಲ ಕಿಂಡಿಗಳೂ ಅಲ್ಲಿನ ದೊಡ್ಡ ಪರದೆಯ ಮೇಲೆ ಹಸಿರು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಯಾವುದನ್ನು ಎಷ್ಟು ತೆರೆಯಬೇಕೆಂದು ಅಲ್ಲಿಂದಲೇ ತಿದ್ದಬಹುದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಫರ್ಜಾನಾ, ಮಹಾನಂದಾಳಿಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡನ ಚುಕ್ಕಿಯೂ ಅದೇ ಪರದೆಯ ಮೇಲಿತ್ತು.

"ಭಾಯಿದು ಚುಕ್ಕಿ ಹಳದಿ ಮಾಡೀನಿ ಮೇಡಂ. ದಿನಾ ಸ್ವಲ್ಪ ಸ್ವಲ್ಪ ಮುಚ್ಕೋತ ಹೋಗ್ತೀನಿ," ಎಂದಳು ಫರ್ಜಾನಾ. ರೇವಣಸಿದ್ದನನ್ನು ಅವಳು ಭಾಯಿ ಎನ್ನುತ್ತಿದ್ದಳು. ಆಮೇಲೆ ಪರದೆಯ ಕಡೆಗೇ ಮುಖ ಮಾಡಿಕೊಂಡು, "ಇದು ಆತಂದ್ರ ನಂದೂ ಒಂದ್ ಅರ್ಜಿ ಅದ," ಎಂದಳು.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ರೇವಣಸಿದ್ದ ಖಣಿಗೆ ರಜೆ ಹಾಕಿ ಮನೆಯಲ್ಲಿದ್ದ. ಮಹಾನಂದಾ ಬೆಳಿಗ್ಗೆ ಬೆರೆಸಿಟ್ಟ ಎರಡು ಬಾಟಲಿ ನೀರು ಬಿಟ್ಟು ತೊಟ್ಟು ಹೆಚ್ಚು ಕುಡಿಯುತ್ತಿರಲಿಲ್ಲ. ಪಕ್ಕದ ಮನೆಯವರು ಚೊಂಬು ಹಿಡಿದರೆ "ಬ್ಯಾಡ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬರುತ್ತಿದ್ದ. ಅವರು ಹಿಂದಿನಿಂದ ಮೂಗು ಮುರಿಯುತ್ತಿದ್ದರು. ಇಷ್ಟು ಮಾತು ಕೇಳುವ ರೋಗಿ ಸಿಕ್ಕಿದ್ದು ಪುಣ್ಯ ಎಂದುಕೊಂಡಳು ಮಹಾನಂದಾ. ಅಲ್ಲೇ ಅವಳು ಎಡವಿದ್ದು, ಆದರೆ ಅದು ಆಮೇಲಿನ ಮಾತು.

ಒಂದು ದಿನ ಮಧ್ಯಾಹ್ನ ಅವಳು ಇಲಿಯ ಪಂಜರದ ಮುಂದೆ ಕೂತಿದ್ದಾಗ ಫೋನ್ ಬಂತು. ರೇವಣಸಿದ್ದ. ಮನೆಗೆ ಬೆಂಕಿ ಬಿತ್ತೇನೋ ಎಂದುಕೊಂಡಳು, ಏಕೆಂದರೆ ಅವನು ಫೋನ್ ಮಾಡಿ ವರ್ಷಗಳಾಗಿದ್ದವು.

"ಎಲ್ಲಿದ್ದಿ?" ಎಂದ.

"ಲ್ಯಾಬಿನ್ಯಾಗ. ಯಾಕ, ಏನಾತು?"

"ಏನಿಲ್ಲ. ಸುಮ್ನ."

ಆದರೂ ಅವನು ಫೋನ್ ಇಡಲಿಲ್ಲ. ಅವನು ಉಸಿರಾಡುವುದು ಕೇಳಿಸುತ್ತಿತ್ತು. ಆಮೇಲೆ ಅವನು, "ಲಗು ಬಾ" ಎಂದು ಇಟ್ಟ. ಮಹಾನಂದಾ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಅತ್ತಳು. ಇಷ್ಟು ವರ್ಷ ತಾನು ಎಷ್ಟು ಒಂಟಿಯಾಗಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು.

ಹಂಬಲ ಒಂದೊಂದಾಗಿ ಬರಲಿಲ್ಲ, ಹಳೆಯ ಬಾಕಿಯನ್ನೆಲ್ಲ ಹೊತ್ತುಕೊಂಡು ಬಂತು. ಒಂದು ಸಂಜೆ ಅವನು ಇದ್ದಕ್ಕಿದ್ದಂತೆ, "ನೀ ಹೈದ್ರಾಬಾದಿಗಿ ಹೋಗಿದ್ದಿ. ನಾ ಒಂದ್ ಫೋನ್ ಸೈತ ಮಾಡ್ಲಿಲ್ಲ," ಎಂದು ತಲೆ ತಗ್ಗಿಸಿದ. ಅದಾಗಿ ಎರಡು ವರ್ಷವಾಗಿತ್ತು. ಇನ್ನೊಂದು ದಿನ ಅವಳು ಬಂದಾಗ ಅಂಗಳದ ಕಲ್ಲಿನ ಮೇಲೆ ಕೂತು ಬಿಕ್ಕುತ್ತಿದ್ದ.

"ಮೌಲ್ಯಾ ಸತ್ತ," ಎಂದ, ಈಗಷ್ಟೇ ಸುದ್ದಿ ಬಂದವನ ಹಾಗೆ. "ಮೌಲ್ಯಾ ಸತ್ತಾನ, ನಾ ಊಟ ಮಾಡಿ ಮಕ್ಕೊಂಡೀನಿ."

ಅವಳು ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನ ದುಃಖಕ್ಕೆ ಅವಳಿಗೂ ದುಃಖವಾಯಿತು. ಅದರ ಜೊತೆಗೇ, ಹೇಳಬಾರದು, ಅವಳ ಜೀವ ಹಬ್ಬದಂತೆ ಹಿಗ್ಗಿತು. ಅವನು ಅವಳ ಹೆಗಲಿಗೆ ಒರಗಿ ಬಹಳ ಹೊತ್ತು ಕೂತ. ಖಣಿಯಲ್ಲಿ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದದ್ದು, ಮೌಲಾಸಾಬ ತನ್ನ ಮೊಟ್ಟೆ ಪಲ್ಯದ ಒಳ್ಳೆಯ ಭಾಗವನ್ನು ಇವನ ಕಡೆ ನೂಕಿ ಬಯ್ಯುತ್ತಿದ್ದದ್ದು, ಎಲ್ಲ ಹೇಳಿದ. ಅವನ್ನು ಅವನು ಎಂದೂ ಮರೆತಿರಲಿಲ್ಲ. ಹೇಳಿಕೊಳ್ಳಬೇಕೆಂದು ಅನಿಸಿದ್ದು ಮಾತ್ರ ಈಗ.

ಆ ವಾರದಲ್ಲೇ ಒಂದು ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅವನು ತೊಳೆದ ಅಂಗಿ ಹಾಕಿಕೊಂಡು ನಿಂತಿದ್ದ. "ಹುಸೇನಬಿ ಮನಿಗಿ ಹೋಗಿ ಬರ್ತೀನಿ. ಹಂಗೇ ಅಕ್ಕನ ಮನಿಗೂ," ಎಂದ. ಹುಸೇನಬಿ ಎಂದರೆ ಮೌಲಾಸಾಬನ ಹೆಂಡತಿ, ಅಕ್ಕ ಭೀಮಬಾಯಿ. ಒಂದೇ ಊರಲ್ಲಿದ್ದರೂ ಎರಡೂ ಮನೆಗೆ ಅವನು ಕಾಲಿಡದೆ ಯಾವ ಕಾಲವಾಗಿತ್ತೋ. ಮಹಾನಂದಾ ಬಾಟಲಿ ಕೈಗೆ ಕೊಟ್ಟು, "ಇದರಾಗಿಂದೇ ಕುಡಿ, ಬ್ಯಾರೆ ಕಡೆ ಬ್ಯಾಡ," ಎಂದಳು. "ಹೂಂ, ಗೊತ್ತದ," ಎಂದ. ಗೇಟಿನ ತನಕ ಹೋದವನು ತಿರುಗಿ ಅವಳನ್ನು ನೋಡಿ ನಕ್ಕ. ಅವಳು ದಿನವಿಡೀ ಆ ನಗೆಯನ್ನೇ ನೆನೆಸಿಕೊಂಡು ಕೆಲಸ ಮಾಡಿದಳು.

ಇಳಿಹೊತ್ತಿನಲ್ಲಿ ಫರ್ಜಾನಾ ಪ್ರಯೋಗಾಲಯದ ಬಾಗಿಲಿಗೇ ಓಡಿಬಂದಳು. "ಮೇಡಂ, ಭಾಯಿದು ಉಪ್ಪು ಇಳೀಲತ್ತದ. ಭಾಳ ಜಲ್ದಿ ಇಳೀಲತ್ತದ."

ಅವನನ್ನು ಭೀಮಬಾಯಿಯ ಮನೆಯಿಂದ ಆಂಬುಲೆನ್ಸಿನಲ್ಲಿ ತಂದರು. ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತು. ಹಿಂದೆಯೇ ಆಟೋದಲ್ಲಿ ಭೀಮಬಾಯಿಯೂ ಹುಸೇನಬಿಯೂ ಬಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತರು. ಇಬ್ಬರೂ ಬಿಸಿಲಿಗೆ ಹೋಗದ ಮನೆವಾರ್ತೆಯ ಹೆಂಗಸರು, ಕಿಂಡಿ ಹಾಕಿಸಿಕೊಂಡವರಲ್ಲ.

"ಎಷ್ಟ್ ನೀರ್ ಕುಡದಾನ?" ಎಂದು ಮಹಾನಂದಾ ಕೇಳಿದಳು.

"ನಮ್ಮನ್ಯಾಗ ಎರಡ್ ಚೊಂಬು," ಎಂದಳು ಭೀಮಬಾಯಿ. ಹೇಳುವಾಗ ಅವಳಿಗೆ ಇದರಲ್ಲಿ ತಪ್ಪಿದೆ ಎಂದು ಗೊತ್ತಿರಲಿಲ್ಲ. "ಮೊದಲ್ ಒಲ್ಲೆ ಅಂದ, ಡಾಕ್ಟರ್ ಬ್ಯಾಡ ಅಂದಾರ ಅಂದ. ಇಷ್ಟ್ ವರ್ಸಕ್ಕ ತಮ್ಮ ಬಂದಾನ, ಒಣ ಬಾಯಿಲೆ ಕಳಸ್ಲೇನು ಯವ್ವಾ? ಇನ್ನಾ ನನ್ನ ಮ್ಯಾಲ ಸಿಟ್ಟ ಅದೇನಪಾ ಅಂದೆ. ನನ್ನ ಮಾರಿ ನೋಡಿ ಗಟಗಟ ಕುಡದ. ಮತ್ತೊಂದ್ ಕೊಟ್ಟೆ, ಅದನ್ನೂ ಕುಡದ."

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನಮ್ಮ ಮನಿಗಿ ಮೊದಲ್ ಬಂದಿದ್ರು. ನಮ್ಮವರ ಹೆಸರ್ ಹೇಳಿ ಭಾಳ ಅತ್ರು ಬಾಯಿ. ಅಳೋ ಮನಷಾಗ ನೀರ್ ಕೊಡ್ದ ಹ್ಯಾಂಗ ಇರೋದು? ಅಳ್ಕೋತ ಕುಡದ್ರು. ಬಾಜೂಕಿನ ಮನ್ಯಾಗೂ ಕರದು ಕೊಟ್ರು, ರೇವಣ್ಣ ಬಂದಾನಂತ."

ಮಹಾನಂದಾ ಗೋಡೆಗೆ ಒರಗಿ ನಿಂತಳು. ಬೆರೆಸುವ ಉಪ್ಪನ್ನು ಚಿಟಿಕೆಯ ಲೆಕ್ಕದಲ್ಲಿ ತೂಗಿದ್ದಳು. ಬಾಗಿಲುಗಳ ಜಡ್ಡನ್ನು ಲೆಕ್ಕ ಹಾಕಿದ್ದಳು. ಒಂದನ್ನು ಮಾತ್ರ ಮರೆತಿದ್ದಳು: ಹಂಬಲ ಬಂದರೆ ಅದರ ಹಿಂದೆ ಮುಲಾಜೂ ಬರುತ್ತದೆ. ಕಿಂಡಿಯ ರೇವಣಸಿದ್ದ ಯಾರ ಮುಖಕ್ಕಾದರೂ ಬ್ಯಾಡ ಎನ್ನಬಲ್ಲವನಾಗಿದ್ದ, ಅದಕ್ಕೇ ಅಷ್ಟು ಒಳ್ಳೆಯ ರೋಗಿಯಾಗಿದ್ದ. ವಾಸಿಯಾದವನಿಗೆ ಅಕ್ಕನ ಮುಖ ನೋಡಿ ಒಲ್ಲೆ ಎನ್ನಲು ಆಗಲಿಲ್ಲ. ಪಂಜರದ ಇಲಿಗಳಿಗೆ ಮುಲಾಜಿಲ್ಲ. ಅವಕ್ಕೆ ಯಾರೂ ಚೊಂಬು ಹಿಡಿದು ನಿಂತಿರಲಿಲ್ಲ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ತನಗೆ ಇದು ಹೊಳೆಯಬೇಕಿತ್ತು ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಒಳಗೆ ಅವನಿಗೆ ಎಚ್ಚರವಿತ್ತು. ಹಣೆಯ ನರ ಉಬ್ಬಿ ನಿಂತಿತ್ತು, ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಉಪ್ಪಿನ ದ್ರಾವಣ ಹನಿ ಹನಿಯಾಗಿ ಹೋಗುತ್ತಿತ್ತು. ಜೋರಾಗಿ ಕೊಡುವಂತಿರಲಿಲ್ಲ, ವರ್ಷಗಟ್ಟಲೆ ಬರಿದಾಗಿದ್ದ ಕೋಶಗಳು ಒಮ್ಮೆಲೇ ಉಪ್ಪು ಏರಿದರೆ ಮುದುಡಿ ಸಾಯುತ್ತವೆ, ಆಮೇಲೆ ಅವನು ಕಣ್ಣು ಪಿಳುಕಿಸುವ ಹೆಣವಾಗಿ ಉಳಿಯುತ್ತಾನೆ. ಹನಿಯಲ್ಲಿ ಕೊಟ್ಟದ್ದು ಸಾಕಾಗುತ್ತಿಲ್ಲವೆಂದು ಪರದೆಯ ಅಂಕಿಗಳೇ ಹೇಳುತ್ತಿದ್ದವು.

ಗೋಡೆಯ ಸ್ಪೀಕರಿನಿಂದ ಫರ್ಜಾನಾಳ ದನಿ ಬಂತು. "ಮೇಡಂ, ತೆರೀಲೇನು?"

"ಏನ್ ತೆರೀತಾಳ?" ಎಂದ ರೇವಣಸಿದ್ದ ಕಣ್ಣು ಮುಚ್ಚಿಕೊಂಡೇ.

"ಕಿಂಡಿ."

"ತೆರದ್ರ?"

ಅವನು ಅವಳಿಗೆ ಸುಳ್ಳು ಹೇಳಿದವನಲ್ಲ. ಅವಳೂ ಹೇಳಲಿಲ್ಲ. "ನೀರ್ ಇಳೀತದ. ನೀ ಉಳೀತಿ. ತುಂಬಿದ್ದೆಲ್ಲ ಅದರ ಸಂಗಟ ಹೋಗ್ತದ."

ಅವನು ತಡಕಾಡಿ ಅವಳ ಕೈ ಹಿಡಿದ. ಹಿಡಿತ ಕಲ್ಲು ಕೆಲಸದವನದು, ನೋಯುವಷ್ಟು ಗಟ್ಟಿ. "ತೆರೀಬ್ಯಾಡ, ಮಾನಂದಾ," ಎಂದ. ಮದುವೆಯಾದ ಹೊಸತರಲ್ಲಿ ಅವಳ ಹೆಸರನ್ನು ಹಾಗೆ ಕರೆಯುತ್ತಿದ್ದ. "ಸ್ವಲ್ಪ ತಡಿ. ಅದಾಗೇ ಇಳೀಬಹುದು. ನಾ ಮತ್ತ ಹಂಗ ಆಗೋದ ಒಲ್ಲೆ. ನೀ ಎದುರಿಗಿ ಕುಂತಿರ್ತಿದ್ದಿ, ನಂಗ ನೀ ಕಾಣ್ತಿರ್ಲಿಲ್ಲ. ಅದ ಒಲ್ಲೆ."

"ಆಯ್ತು. ತಡೀತೀನಿ."

"ಮಾತ ಕೊಡು."

"ಕೊಟ್ಟೀನಿ."

ಅವಳು ತಡೆದಳು. ಖರೆ ಹೇಳಬೇಕೆಂದರೆ ತಡೆಯಬೇಕಾದದ್ದಕ್ಕಿಂತ ಹೆಚ್ಚೇ ತಡೆದಳು. ಆ ಹೊತ್ತಿನಲ್ಲಿ ಅವನು ಏನೇನೋ ಮಾತಾಡಿದ. ತಾನಿಲ್ಲದಾಗ ಅವಳು ಸಂಜೆ ಹೊತ್ತು ಏನು ಮಾಡುತ್ತಾಳೆ ಎಂದು ಕೇಳಿದ. ಇಷ್ಟು ವರ್ಷ ಯಾರ ಜೊತೆ ಮಾತಾಡುತ್ತಿದ್ದೆ ಎಂದು ಕೇಳಿದ. ಯಾರ ಜೊತೆಯೂ ಇಲ್ಲ ಎಂದಳು. ಅವನ ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಇಳಿಯಿತು. ಆಮೇಲೆ ಮಾತು ತೊದಲಿತು, ಒಂದು ಶಬ್ದದ ಬದಲು ಇನ್ನೊಂದು ಬರತೊಡಗಿತು. ಕೈಯ ಹಿಡಿತ ಸಡಿಲಾಯಿತು. ಅವಳು ರೆಪ್ಪೆ ಎತ್ತಿ ದೀಪ ಹಿಡಿದು ನೋಡಿದಳು. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

ಮಿದುಳು ಊದಿ ನರವನ್ನು ಅದುಮುತ್ತಿದೆ ಎಂಬ ಅದರ ಅರ್ಥ ಅವಳಿಗಿಂತ ಚೆನ್ನಾಗಿ ತಿಳಿದವರು ಆ ಸೀಮೆಯಲ್ಲಿ ಇರಲಿಲ್ಲ.

"ಫರ್ಜಾನಾ," ಎಂದಳು, "ತೆರಿ."

ಸ್ಪೀಕರಿನಿಂದ ಮರುಪ್ರಶ್ನೆ ಬಂತು. "ಪೂರಾ?"

"ಪೂರಾ."

"ತೆರದೀನಿ ಮೇಡಂ." ಆಮೇಲೆ ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ತಲೆಯೊಳಗಿನ ಒತ್ತಡ, ಅದು ಇಳಿಯತೊಡಗಿತು. ಇನ್ನೊಂದು ಕೋಶಗಳಿಂದ ಹೊರಬೀಳುವ ಸಾಮಾನಿನದು, ಅದು ಏರತೊಡಗಿತು. ಮಹಾನಂದಾ ಏರುವ ಗೆರೆಯನ್ನೇ ನೋಡುತ್ತ ನಿಂತಳು. ಅದರಲ್ಲಿ ಯಾವುದು ಮೌಲಾಸಾಬ, ಯಾವುದು ತಾನು ಎಂದು ಬೇರೆ ಮಾಡಿ ಹೇಳುವ ವಿದ್ಯೆ ಅವಳಿಗಿರಲಿಲ್ಲ. ಗೆರೆ ಏರಿ ಏರಿ ನಿಂತಾಗ ನರ್ಸು ಬಂದು, "ಪೇಶಂಟ್ ಸ್ಟೇಬಲ್ ಆಗ್ಯಾರ ಮೇಡಂ," ಎಂದು ಸಂತೋಷದಿಂದ ಹೇಳಿದಳು.

ಮರುದಿನ ಅವನು ಕಣ್ಣು ಬಿಟ್ಟಾಗ ಅವಳು ಮಂಚದ ಪಕ್ಕದಲ್ಲೇ ಇದ್ದಳು. ಅವನು ಅವಳನ್ನು ನೋಡಿದ, ಗುರುತಿಸಿದ. "ನೀ ಮನಿಗಿ ಹೋಗಿ ಮಕ್ಕೋ," ಎಂದ. "ನಂಗೇನ ತ್ರಾಸಿಲ್ಲ ಈಗ."

ಅವನಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಕೈಕಾಲು ಸರಿ, ಮಾತು ಸರಿ, ನೆನಪು ಸರಿ. ಸಮಿತಿಯವರು ಪ್ರಯೋಗವನ್ನು ನಿಲ್ಲಿಸಿದರು, ಆದರೆ ಮಹಾನಂದಾಳ ಸಮಯಪ್ರಜ್ಞೆಯನ್ನು ಹೊಗಳಿದರು. ಫರ್ಜಾನಾ ತನ್ನ ಅರ್ಜಿಯ ಮಾತನ್ನು ಮತ್ತೆ ಎತ್ತಲಿಲ್ಲ. ರೇವಣಸಿದ್ದ ಖಣಿಗೆ ಹೋಗತೊಡಗಿದ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದರು. ಬಿಸಿ ರೊಟ್ಟಿ, ಪುಂಡಿ ಪಲ್ಯ. ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನನ್ನ ಮ್ಯಾಲ ಸಿಟ್ಟಿಲ್ಲೇನು ನಿಂಗ?"

"ಎದಕ್ಕ?"

"ತೆರೀಬ್ಯಾಡ ಅಂದಿದ್ದಿ. ನಾ ಮಾತ ಕೊಟ್ಟಿದ್ದೆ."

"ಹೌದು, ನೆನಪದ," ಎಂದ ಅವನು ಪಲ್ಯ ಹಚ್ಚಿಕೊಳ್ಳುತ್ತ. "ತೆರೀದಿದ್ರ ಸಾಯ್ತಿದ್ದೆ. ನೀ ಸರಿ ಮಾಡೀದಿ."

ಅವನು ಬೈದಿದ್ದರೆ, ತಾಟು ನೂಕಿ ಎದ್ದುಹೋಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಯಾರಿಗೆ ಮಾತು ಕೊಟ್ಟಿದ್ದಳೋ ಅವನು ಕ್ಷಮೆ ಕೊಡಲು ಈಗ ಇರಲಿಲ್ಲ. ಇವನು ಕೊಟ್ಟದ್ದನ್ನು ತೆಗೆದುಕೊಂಡು ಅವಳು ಏನು ಮಾಡಬೇಕು?

"ಇನ್ನೊಮ್ಮೆ ಮುಚ್ಚಿ ನೋಡೂನೇನು?" ಎಂದಳು. "ಈ ಸಲ ನಾ ಮನ್ಯಾಗೇ ಇರ್ತೀನಿ. ರಜಾ ಹಾಕ್ತೀನಿ. ಎಲ್ಲಿಗೂ ಬಿಡಂಗಿಲ್ಲ ನಿನ್ನ."

ಅವನು ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಅವಳಿಗಾಗಿ ಯೋಚಿಸಿದ, ಅದೂ ಅವಳಿಗೆ ಕಂಡಿತು. ಅವನು ಕೆಟ್ಟವನಾಗಿರಲಿಲ್ಲ.

"ಬ್ಯಾಡ," ಎಂದ. "ಆ ದಿನಗಳು ಭಾಳ ತ್ರಾಸ ಇದ್ವು. ನೀ ಬರೋದ ಐದು ಮಿನಿಟ್ ತಡಾ ಆದ್ರ ಹೊಟ್ಟ್ಯಾಗ ಕಲ್ಲ ಇಟ್ಟಂಗ ಆಗ್ತಿತ್ತು. ನಿನ್ನ ಮ್ಯಾಲ ಅಷ್ಟ ಜೀವ ಇತ್ತು ನಂದು. ಖರೇನ ಇತ್ತು, ಸುಳ್ಳ ಹೇಳಂಗಿಲ್ಲ." ಸಾಕ್ಷಿ ಹೇಳುವವನ ಹಾಗೆ ನೇರವಾಗಿ ಹೇಳಿದ. ಅವಳಿಗೆ ಅದು ತಿಳಿದಿರಲಿ, ಉಪಯೋಗಕ್ಕೆ ಬರಬಹುದು ಎಂಬಂತೆ ಹೇಳಿದ.

ಮಹಾನಂದಾ ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವನು ಅವಳ ಮುಖ ನೋಡಿ, ಮತ್ತೆ ಯೋಚಿಸಿ, ತನಗೆ ಹೊಳೆದ ಒಳ್ಳೆಯ ದಾರಿಯನ್ನು ಹೇಳಿದ.

"ನೀನೂ ಒಂದ್ ಹಾಕಿಸ್ಕೊ. ಆರಾಮ ಇರ್ತೀದಿ. ನಂಗೇನ ತ್ರಾಸ ಅದ ನೋಡು?"

ಅದು ಕಷ್ಟದ ಕೆಲಸವೇನಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಮನೆಗೆ ಬರಬಹುದು, ಕಿವಿಯ ಹಿಂದೆ ಒಂದೇ ಹೊಲಿಗೆ. ಈ ವಿಚಾರ ಅವಳಿಗೆ ಬಂದಿರಲಿಲ್ಲ ಎಂದೂ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟೋ ಸಂಜೆ ಬಂದಿತ್ತು.

"ಒಲ್ಲೆ," ಎಂದಳು.

"ಯಾಕ?"

"ನಾನೂ ಹಾಕಿಸ್ಕೊಂಡ್ರ, ಆ ಮನಷಾನ್ನ ನೆನಸೋರು ಯಾರೂ ಉಳ್ಯಾಂಗಿಲ್ಲ."

ಯಾವ ಮನುಷ್ಯ ಎಂದು ಅವನು ಕೇಳಲಿಲ್ಲ. ಮಾತನ್ನು ಎಲ್ಲ ಕಡೆಯಿಂದ ತೂಗಿ ನೋಡಿ, "ಅದೂ ಖರೆ," ಎಂದ. ಆಮೇಲೆ ತಾಟು ಮುಂದೆ ಸರಿಸಿ ಇನ್ನೊಂದು ರೊಟ್ಟಿ ಕೇಳಿದ, ಅವಳು ಎದ್ದು ಹೋಗಿ ಹಂಚಿನ ಮೇಲಿನ ಬಿಸಿಯದನ್ನೇ ತಂದು ಹಾಕಿದಳು.